ಉಮಾಬಾಯಿಯವರ ಸಿಟ್ಟು

ಉಮಾಬಾಯಿಯವರು ಚಪ್ಪಾಳೆ ತಟ್ಟಿದ್ದನ್ನು ಹೈದರಾಬಾದಿನ ನಮ್ಮ ಭೀಮಾನಗರ ಕಾಲೋನಿಯಲ್ಲಿ ಕಂಡವರಿಲ್ಲ. ರಾಜ್ಯೋತ್ಸವದ ವೇದಿಕೆಯ ಮೇಲೆ ಪುಟ್ಟ ಹುಡುಗಿಯೊಬ್ಬಳು ತೊದಲುತ್ತ ವಚನ ಹೇಳಿ ಮುಗಿಸಿದಾಗಲೂ, ಹೈದರಾಬಾದಿನ ಕನ್ನಡಿಗರ ಹಿರಿಮೆಯನ್ನು ಬಣ್ಣಿಸುತ್ತ ಅತಿಥಿಗಳು ಕಣ್ಣಲ್ಲಿ ನೀರು ತಂದುಕೊಂಡಾಗಲೂ, ಸುತ್ತಲಿನವರ ಕೈಗಳೆಲ್ಲ ಪಟಪಟನೆ ಸದ್ದು ಮಾಡುತ್ತಿದ್ದರೆ ಇವರ ಎರಡೂ ಕೈಗಳು ಕೋಟಿನ ಕಿಸೆಯಲ್ಲೇ ಇರುತ್ತಿದ್ದವು. ಆಮೇಲೆ ಹುಡುಗಿಯನ್ನು ಹತ್ತಿರ ಕರೆದು ತಲೆ ಸವರುತ್ತಿದ್ದರು, ಅತಿಥಿಗಳನ್ನು ಹತ್ತಿರ ಕರೆದು ಪ್ರಶ್ನೆ ಕೇಳುತ್ತಿದ್ದರು. ನಮ್ಮ ಕಾಲೋನಿಯ ಸಂಘದ ನಿರ್ಣಯಗಳೆಲ್ಲ ಚಪ್ಪಾಳೆಯಿಂದಲೇ ಪಾಸಾಗುತ್ತಿದ್ದುದು ಅವರ ಹಟಕ್ಕೆ ಕಾರಣ. ಕೈ ಎತ್ತಿದರೆ ಎಷ್ಟು ಜನ ಎಂಬುದು ತಿಳಿಯುತ್ತದೆ, ಚೀಟಿ ಹಾಕಿದರೆ ಅಂಜುಬುರುಕನಿಗೂ ಧೈರ್ಯ ಬರುತ್ತದೆ. ಚಪ್ಪಾಳೆಯಲ್ಲಿ ತಟ್ಟಿದವರು ಯಾರು, ಬಿಟ್ಟವರು ಯಾರು ಎಂಬುದು ಬ್ರಹ್ಮನಿಗೂ ತಿಳಿಯದು. ನಾಲ್ಕು ಜನ ಜೋರಾಗಿ ತಟ್ಟಿದರೆ ಊರೇ ತಟ್ಟಿದಂತೆ ಕೇಳಿಸುತ್ತದೆ.

ಎಂಬತ್ತರ ದಶಕದ ನಡುವಿನ ಮಾತಿದು. ಕುಷಾಯಿಗೂಡದ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ, ನಾಚಾರಂನ ಸಣ್ಣಪುಟ್ಟ ವರ್ಕ್‌ಶಾಪುಗಳಲ್ಲಿ, ಸಚಿವಾಲಯದ ಮೇಜುಗಳ ಹಿಂದೆ ದುಡಿಯುತ್ತಿದ್ದ ರಾಯಚೂರು, ಗುಲಬರ್ಗಾ, ಬೀದರಿನ ಕಡೆಯ ಕುಟುಂಬಗಳು ಕೂಡಿ ಬಂಡೆಗಲ್ಲಿನ ಒಂದು ಬಯಲಿನಲ್ಲಿ ಮನೆ ಕಟ್ಟಿಕೊಂಡಿದ್ದವು, ನಮ್ಮದೂ ಅವುಗಳಲ್ಲೊಂದು. ಉಮಾಬಾಯಿಯವರು ಲಿಂಗಸೂಗೂರಿನ ಕಡೆಯವರು. ನಗರದ ಒಂದು ಕನ್ನಡ ಶಾಲೆಯಲ್ಲಿ ಪೌರನೀತಿ ಕಲಿಸುತ್ತಿದ್ದರು. ಇಳಕಲ್ ಸೀರೆಯ ಮೇಲೆ ಗಂಡನ ಹಳೆಯ ಕರಿ ಕೋಟು ತೊಟ್ಟು, ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ನೆಲಕ್ಕೆ ಏನೋ ತಪ್ಪು ತೋರಿಸಿಕೊಡುವವರಂತೆ ಹಿಮ್ಮಡಿ ಕುಟ್ಟುತ್ತ ಬಸ್ ಸ್ಟಾಪಿನ ಕಡೆ ಹೊರಟರೆಂದರೆ, ಗೇಟಿನ ಬಳಿ ಹರಟುತ್ತಿದ್ದ ಗಂಡಸರು ಕಾರಣವಿಲ್ಲದೆ ಬೀಡಿ ಆರಿಸುತ್ತಿದ್ದರು. ಯಾವ ಸುದ್ದಿ ಹೇಳಿದರೂ ಅವರ ಬಾಯಿಂದ ಬರುತ್ತಿದ್ದ ಮೊದಲ ಮಾತು, "ಯಾರು ಹೇಳ್ಯಾರ? ಎಲ್ಲಿ ಬರದೈತಿ?" ಹಾಲಿನವನು ದರ ಏರಿಸಿದರೂ ಇದೇ ಮಾತು, ಜ್ಯೋತಿಷಿ ಗ್ರಹಣದ ವೇಳೆ ಹೇಳಿದರೂ ಇದೇ ಮಾತು.

ಅವರ ಯಜಮಾನರು ಹನುಮಂತಪ್ಪ, ಲೆಕ್ಕಪತ್ರ ಇಲಾಖೆಯ ಗುಮಾಸ್ತರು, ಮೆತ್ತಗಿನ ಮನುಷ್ಯ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಬೇರೆ ಬೇರೆ ಇರಬೇಕೆಂದು ಹೆಂಡತಿ ದಿನವೂ ಶಾಲೆಯಲ್ಲಿ ಗಂಟಲು ಹರಿದುಕೊಳ್ಳುವುದನ್ನು ಬಲ್ಲ ಅವರು ಬಂದವರ ಮುಂದೆ ಚೇಷ್ಟೆ ಮಾಡುತ್ತಿದ್ದರು: "ನಮ್ಮ ಮನ್ಯಾಗ ಮೂರೂ ಅಂಗ ಒಬ್ಬರ ಕಡೇನ ಅದಾವರಿ. ನಾ ಬರೇ ಪ್ರಜಾ." ಉಮಾಬಾಯಿ ನಗುತ್ತಿರಲಿಲ್ಲ. "ಹಿಂಗ ಮಂದಿ ಮುಂದ ಹೇಳಾಕ ನಿಮಗ ಹಕ್ಕರ ಐತಿ. ಚಹಾ ಕುಡೀರಿ," ಎನ್ನುತ್ತಿದ್ದರು.

ಸಿಟ್ಟು ಅವರ ಮೂಗಿನ ತುದಿಯಲ್ಲೇ ಇತ್ತೆಂದು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಆ ಸಿಟ್ಟಿಗೂ ಒಂದು ಶಿಸ್ತಿತ್ತು. ತಮಗೆ ಯಾರಾದರೂ ಅಂದರೆ ಆಡಿದರೆ ಅವರಿಗೆ ಸಿಟ್ಟು ಬರುತ್ತಿದ್ದುದು ಅಪರೂಪ. ತುರ್ತುಪರಿಸ್ಥಿತಿಯ ವರ್ಷ ಅವರ ಹೆಡ್‌ಮಾಸ್ತರರು ಕರೆದು, ಮೂಲಭೂತ ಹಕ್ಕುಗಳ ಪಾಠವನ್ನು ಈ ಸಲ ಬಿಟ್ಟುಬಿಡಿ, ಅದು ಪರೀಕ್ಷೆಗೆ ಬರುವುದಿಲ್ಲ ಎಂದು ನಯವಾಗಿ ಸೂಚಿಸಿದರಂತೆ. ದೇಶದ ಹಕ್ಕುಗಳೇ ರಜೆಯ ಮೇಲೆ ಹೋದಾಗ ಪಾಠಕ್ಕೇನು ಕೆಲಸ ಎಂಬುದು ಆ ಮಹಾನುಭಾವರ ತರ್ಕ. ಮರುದಿನ ಉಮಾಬಾಯಿ ತರಗತಿಯ ಕಿಟಕಿಗಳನ್ನೆಲ್ಲ ತೆರೆಸಿ, ಪಕ್ಕದ ಹೆಡ್‌ಮಾಸ್ತರರ ಕೋಣೆಗೂ ಕೇಳುವ ಹಾಗೆ ಅದೇ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಹೆಡ್‌ಮಾಸ್ತರರು ಬಾಗಿಲಿಗೆ ಬಂದು ನಿಂತಾಗ, ಪರೀಕ್ಷೆಗೆ ಬರದ ಪಾಠವೇ ಬಾಳಿಗೆ ಬರುವುದು ಎಂದಷ್ಟೇ ಹೇಳಿ, ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನತ್ತ ತಿರುಗಿದರಂತೆ.

ಇಂಥವರು ಇದ್ದ ಕಾಲೋನಿಯಲ್ಲಿ ನಾವು ಮಾಡಿಕೊಂಡ ತಪ್ಪನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನಮ್ಮ ಸಂಘ ಮೊದಲು ಹುಟ್ಟಿದ್ದು ರಾಜ್ಯೋತ್ಸವ ಮಾಡುವುದಕ್ಕೆ. ರಂಗೋಲಿ, ಪ್ರಬಂಧ, ಗಾಯನ ಎಂದು ಸ್ಪರ್ಧೆ ನಡೆಸುವುದಕ್ಕೆ. ಆಮೇಲೆ ಬೋರ್‌ವೆಲ್ ಬಂತು, ನೀರಿನ ಟಾಕಿ ಬಂತು, ಬೀದಿ ದೀಪ ಬಂತು. ಸಂಘಕ್ಕೊಂದು ನಿಯಮಾವಳಿ ಬೇಕಾಯಿತು. ಕಾರ್ಯದರ್ಶಿ ಪ್ರಾಣೇಶರಾಯರು ಕನ್ನಡ ಟೈಪ್‌ರೈಟರಿನ ಮೇಲೆ ನಿಯಮಗಳನ್ನೆಲ್ಲ ಬೆರಳಚ್ಚಿಸಿ, ಕೊನೆಗೆ ಏನಾದರೂ ಇರಬೇಕಲ್ಲ ಎಂದು, ಕೈಗೆ ಸಿಕ್ಕ ರಂಗೋಲಿ ಸ್ಪರ್ಧೆಯ ಕರಪತ್ರದ ಕೊನೆಯ ಸಾಲನ್ನು, ತೀರ್ಪುಗಾರರ ಜಾಗದಲ್ಲಿ ಅಧ್ಯಕ್ಷರನ್ನು ಕೂರಿಸಿ, ಹಾಗೆಯೇ ಇಳಿಸಿಬಿಟ್ಟರು: 'ಅಧ್ಯಕ್ಷರ ತೀರ್ಮಾನವೇ ಅಂತಿಮ. ಈ ಬಗ್ಗೆ ಯಾವುದೇ ಚರ್ಚೆಗೆ ಅವಕಾಶವಿಲ್ಲ.' ರಂಗೋಲಿಯನ್ನು ಮರುದಿನ ನೀರು ಹಾಕಿ ತೊಳೆಯಬಹುದು, ಅದಕ್ಕೆ ಅಂಥ ನಿಯಮ ಸಾಕು. ಇಡೀ ಬಡಾವಣೆಯ ನೀರನ್ನು ಆ ಸಾಲಿಗೆ ಕಟ್ಟಿಹಾಕಿದೆವು. ಅಂದು ಉಮಾಬಾಯಿಯೊಬ್ಬರೇ ಎದ್ದು ನಿಂತು ಆಕ್ಷೇಪಿಸಿದರು. ನಿಯಮ ಮಾಡುವವರು, ಅದನ್ನು ನಡೆಸುವವರು, ತಪ್ಪು ಒಪ್ಪು ನೋಡುವವರು ಬೇರೆ ಬೇರೆ ಇರಬೇಕೆಂದು ತರಗತಿಯಲ್ಲಿ ಹೇಳುವಂತೆಯೇ ಬಿಡಿಸಿ ಹೇಳಿದರು. ಅಕ್ಕೋರ, ಇದು ಪಾರ್ಲಿಮೆಂಟಲ್ಲ, ಮನೆಮಂದಿಯ ಸಂಘ ಎಂದು ಯಾರೋ ನಕ್ಕರು. ಚಪ್ಪಾಳೆ ಬಿತ್ತು. ನಿಯಮಾವಳಿ ಪಾಸಾಯಿತು.

ಅಧ್ಯಕ್ಷರು ಅಮರೇಶಪ್ಪನವರು. ಕೆಟ್ಟವರಾಗಿದ್ದರೆ ಕೆಲಸ ಸುಲಭವಿತ್ತು. ಸಚಿವಾಲಯದಲ್ಲಿ ಅಧಿಕಾರಿಯಾಗಿ ನಿವೃತ್ತರಾದ ಈ ಮನುಷ್ಯ ಎಷ್ಟು ಜನರಿಗೆ ರೇಷನ್ ಕಾರ್ಡು ಮಾಡಿಸಿಕೊಟ್ಟಿದ್ದರೋ, ಎಷ್ಟು ರೋಗಿಗಳಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಕೊಡಿಸಿದ್ದರೋ ಬಲ್ಲವರಿಲ್ಲ. ನಗುಮೊಗ, ಬಿಳಿ ಧೋತರ, ಎಲ್ಲರ ಮನೆಯ ಮದುವೆಯಲ್ಲೂ ಮೊದಲ ಸಾಲು. ಉಪಕಾರ ಮಾಡಿದವನ ಮುಂದೆ ಜನ ಎಷ್ಟು ಬೇಗ ಬೆನ್ನೆಲುಬು ಕಳೆದುಕೊಳ್ಳುತ್ತಾರೆಂಬುದನ್ನು ನಾನು ಕಂಡದ್ದು ಅವರ ಜಗುಲಿಯಲ್ಲಿ. ನೀರಿನ ಟಾಕಿ ಅವರ ಮನೆಯ ಪಕ್ಕದಲ್ಲೇ ಇತ್ತು. ಎಲ್ಲರ ಮನೆಗೆ ಅರ್ಧ ಇಂಚಿನ ಪೈಪು ಹೋದರೆ ಅವರ ಮನೆಗೆ ಒಂದು ಇಂಚಿನದು ಹೋಗಿತ್ತು. ಎಲ್ಲರಿಗೂ ಗೊತ್ತಿತ್ತು. ಯಾರೂ ಕೇಳಿರಲಿಲ್ಲ.

ಕೇಳಿದವನು ಸೂಗಪ್ಪ. ನಾಚಾರಂನ ವರ್ಕ್‌ಶಾಪಿನಲ್ಲಿ ಫಿಟ್ಟರ್. ಕೊನೆಯ ಸಾಲಿನ ಮನೆ. ಆ ಬೇಸಿಗೆ ಬೋರ್‌ವೆಲ್ ನೀರು ಕೊನೆಯ ಸಾಲಿಗೆ ತಲುಪುವಷ್ಟರಲ್ಲಿ ದಾರದಂತೆ ಸಣ್ಣಗಾಗುತ್ತಿತ್ತು. ಅವನ ಹೆಂಡತಿ ಪ್ರೇಮಾ ತುಂಬು ಗರ್ಭಿಣಿ. ಯುಗಾದಿಯ ಸಭೆಯಲ್ಲಿ ಸೂಗಪ್ಪ ಎದ್ದು ನಿಂತು, ಸಾಹೇಬರ ಮನೆಗೆ ಯಾಕೆ ದೊಡ್ಡ ಪೈಪು ಎಂದು ಕೇಳಿಯೇಬಿಟ್ಟ. ಪೈಪಿನ ಕಸುಬಿನವನು, ಅದು ಎಷ್ಟು ನೀರು ಎಳೆಯುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಮರೇಶಪ್ಪನವರು ನಕ್ಕರು, ಬೇವುಬೆಲ್ಲ ಹಂಚಿರಿ ಎಂದರು. ಮರುದಿನ ಬೆಳಿಗ್ಗೆ ಸಂಘದ ಬೋರ್ಡಿನ ಮೇಲೆ ಪ್ರಕಟಣೆ: ಸಂಘದ ಘನತೆಗೆ ಕುಂದು ತಂದವರ ನಳ ಕಡಿಯತಕ್ಕದ್ದು ಎಂದು ಒಂದು ಹೊಸ ನಿಯಮ, ಅದರ ಕೆಳಗೇ, ಆ ನಿಯಮದ ಪ್ರಕಾರ ಸೂಗಪ್ಪ ಕ್ಷಮೆ ಕೇಳುವತನಕ ಅವನ ನಳ ಬಂದ್. ಮಧ್ಯಾಹ್ನದ ಹೊತ್ತಿಗೆ ಪ್ರೇಮಾ ಕೊಡ ಹೊತ್ತು ಮುಖ್ಯರಸ್ತೆಯ ಸಾರ್ವಜನಿಕ ನಳದಿಂದ ಬರುತ್ತಿದ್ದಳು. ಅದನ್ನು ನಾವೆಲ್ಲ ನೋಡಿದೆವು. ಅಯ್ಯೋ ಪಾಪ ಎಂದೆವು. ಅಯ್ಯೋ ಪಾಪ ಎನ್ನುವುದಕ್ಕೆ ನಮ್ಮಲ್ಲಿ ಯಾವತ್ತೂ ಬರವಿಲ್ಲ.

ಶಾಲೆಯಿಂದ ಬಂದ ಉಮಾಬಾಯಿ ಆ ಕೊಡವನ್ನು ಪ್ರೇಮಾಳ ಸೊಂಟದಿಂದ ಇಳಿಸಿಕೊಂಡು ಮನೆ ಮುಟ್ಟಿಸಿ, ಕೋಟನ್ನೂ ಕಳಚದೆ ನೇರ ಅಮರೇಶಪ್ಪನವರ ಜಗುಲಿಗೆ ಹೋದರು. ಅಲ್ಲಿ ನಾನೂ ಯಾವುದೋ ಕೆಲಸಕ್ಕೆ ಕುಳಿತಿದ್ದೆ.

"ಸಾಹೇಬ್ರ, ಈ ನಿಯಮ ಮಾಡಿದವರು ಯಾರು?"

"ನಾನರಿ."

"ಸೂಗಪ್ಪ ಅದನ್ನ ಮುರದಾನ ಅಂತ ಹೇಳಿದವರು?"

"ನಾನ."

"ನಳ ಕಡಿಸಿದವರು?"

"ನಾನ ಅಲ್ಲೇನ್ರಿ, ಮತ್ಯಾರು ಮಾಡ್ತಾರ?" ಅಮರೇಶಪ್ಪನವರ ದನಿಯಲ್ಲಿ ನಾಚಿಕೆಯ ಲವಲೇಶವೂ ಇರಲಿಲ್ಲ, ಇಷ್ಟು ಭಾರವನ್ನೆಲ್ಲ ಒಬ್ಬನೇ ಹೊತ್ತಿದ್ದೇನಲ್ಲ ಎಂಬ ದಣಿವಿತ್ತು.

"ಹಂಗಾರ ಅವ ತಕರಾರು ಯಾರಿಗೆ ಕೊಡಬೇಕು?"

"ನನಗ ಕೊಡಲಿ. ನಾ ನೋಡ್ತೀನಿ. ಕುಂದರ್ರಿ ಅಕ್ಕೋರ, ಮಜ್ಜಿಗಿ ತರಸ್ತೀನಿ."

ಉಮಾಬಾಯಿ ಕುಳಿತುಕೊಳ್ಳಲಿಲ್ಲ. ಸಂಜೆ ತಮ್ಮ ಮನೆಯ ನಳಕ್ಕೆ ರಬ್ಬರ್ ಪೈಪು ಸಿಕ್ಕಿಸಿ, ಓಣಿಯುದ್ದ ಎಳೆದು ಸೂಗಪ್ಪನ ಅಂಗಳದ ಪೀಪಾಯಿಗೆ ನೀರು ಬಿಟ್ಟರು. ಎರಡು ದಿನ ಕಳೆಯುವಷ್ಟರಲ್ಲಿ ಅವರ ನಳವೂ ಬಂದಾಯಿತು. ಹನುಮಂತಪ್ಪ ಎರಡು ಕೊಡ ಹಿಡಿದು ರಸ್ತೆಗೆ ಹೊರಟರು. ಒಂದು ಕೊಡ ತಮ್ಮ ಮನೆಗೆ, ಒಂದು ಸೂಗಪ್ಪನ ಮನೆಗೆ. ದಾರಿಯಲ್ಲಿ ಯಾರೋ ಕೆಣಕಿದಾಗ, ಪ್ರಜೆ ನೀರು ಹೊರುವುದು ಹೊಸದೇನಲ್ಲವೆಂದು ನಕ್ಕರಂತೆ.

ಮೂರನೆಯ ಒಂದು ಪಾಲು ಸದಸ್ಯರು ಸಹಿ ಹಾಕಿ ಕೇಳಿದರೆ ವಿಶೇಷ ಸಭೆ ಕರೆಯಲೇಬೇಕು ಎಂಬ ನಿಯಮವೂ ಅದೇ ನಿಯಮಾವಳಿಯಲ್ಲಿತ್ತು. ಉಮಾಬಾಯಿ ಮನೆಮನೆ ಹತ್ತಿದರು. ಆ ದಿನಗಳಲ್ಲಿ ಅವರು ಕೇಳಿದ ಮಾತುಗಳನ್ನು ನೆನೆದರೆ ಅವರಿಗೆ ಬಂದ ಸಿಟ್ಟು ಕಡಿಮೆಯೇ ಎನ್ನಿಸುತ್ತದೆ. ನಿಮ್ಮ ಮಾತು ಖರೆ, ಆದರೆ ಮಗನ ನೌಕರಿಗೆ ಸಾಹೇಬರೇ ಹೇಳಿದ್ದು. ನಿಮ್ಮ ಮಾತು ಖರೆ, ಆದರೆ ಸೂಗಪ್ಪನೂ ಸ್ವಲ್ಪ ತಗ್ಗಬೇಕಿತ್ತು. ತಪ್ಪಾಯಿತೆಂದು ಒಂದು ಮಾತು ಅಂದರೆ ಅವನ ಗಂಟೇನು ಹೋಗುತ್ತದೆ? ಸತ್ಯವನ್ನು ಒಪ್ಪಿಕೊಂಡೇ ಅದನ್ನು ಬಾಗಿಲಿನಿಂದ ಆಚೆ ಕಳಿಸುವ ಈ ಜಾಣತನಕ್ಕೆ ನಮ್ಮಲ್ಲಿ ಸಭ್ಯತೆ ಎಂದು ಹೆಸರು. ಸದಸ್ಯತ್ವವೆಲ್ಲ ಗಂಡಸರ ಹೆಸರಿನಲ್ಲಿತ್ತು. ತಮ್ಮ ಸಂಬಳದಿಂದ ನಿವೇಶನ ಕೊಂಡ ಉಮಾಬಾಯಿಯೊಬ್ಬರೇ ಹೆಣ್ಣು ಸದಸ್ಯೆ. ಆದರೆ ನೀರಿನ ಕಷ್ಟ ಗಂಡಸರಿಗೇನು ಗೊತ್ತು? ಕೊನೆಗೆ ಕೆಲಸ ಮಾಡಿದವರು ಹೆಂಗಸರೇ. ಕೊನೆಯ ಸಾಲಿನ ಗೋದಾಬಾಯಿ ಖಾಲಿ ಕೊಡವನ್ನು ಗಂಡನ ತಟ್ಟೆಯ ಪಕ್ಕದಲ್ಲಿಟ್ಟು, ಸಹಿ ಹಾಕಿ ಉಣ್ಣಿರಿ, ಇಲ್ಲವಾದರೆ ಇದನ್ನು ತುಂಬಿಸಿಕೊಂಡು ಬಂದು ಉಣ್ಣಿರಿ ಎಂದಳಂತೆ. ಈ ಉಪಾಯ ಒಲೆಯಿಂದ ಒಲೆಗೆ ಹಬ್ಬಿತು. ಸಹಿಗಳು ಕೂಡಿದವು.

ಸಭೆಯ ದಿನ ಸಂಘದ ಷೆಡ್ಡಿನಲ್ಲಿ ಜನ ಕಿಕ್ಕಿರಿದಿದ್ದರು. ಉಮಾಬಾಯಿ ಕೇಳಿದ್ದು ಎರಡೇ: ಕೊನೆಯ ಆ ನಿಯಮ ಹೋಗಬೇಕು, ಕಾರ್ಯಕಾರಿ ಸಮಿತಿಯಲ್ಲಿಲ್ಲದ ಮೂವರು ಎರಡೂ ಕಡೆಯ ಮಾತು ಕೇಳಿ ತಂಟೆಗಳನ್ನು ತೀರ್ಮಾನಿಸಬೇಕು. ಗಾಳಿ ಎತ್ತ ಬೀಸುತ್ತಿದೆಯೆಂಬುದನ್ನು ಮೂಸಿ ನೋಡಿದ ಪ್ರಾಣೇಶರಾಯರು ಆಗ ಎದ್ದರು. ಅವರಿಗೆ ತಾವು ಬೆರಳಚ್ಚಿಸಿದ ನಿಯಮದ ಮೇಲೆ ಇನ್ನೂ ಮೋಹ.

"ಆ ನಿಯಮ ಇರಲಿ ಬಿಡ್ರಿ. ಅಧ್ಯಕ್ಷರನ್ನಷ್ಟ ಬದಲ್ ಮಾಡೋಣು. ಅಕ್ಕೋರಂಥ ನ್ಯಾಯವಂತರ ಕೈಯಾಗ ಇದ್ದರ ಯಾರಿಗೇನು ಅಂಜಿಕಿ ಅದ?"

ಚಪ್ಪಾಳೆ! ತಗಡಿನ ಷೆಡ್ಡು ಹಾರಿಹೋಗುವಂಥ ಚಪ್ಪಾಳೆ. ಸೂಗಪ್ಪನೂ ತಟ್ಟಿದ, ಸಹಿ ಹಾಕಲು ಒಲ್ಲೆ ಎಂದವರೂ ತಟ್ಟಿದರು. ರೋಗ ಹೋಯಿತೆಂದು ಕುಣಿಯುತ್ತ ಅದನ್ನೇ ಬೆಳ್ಳಿ ತಟ್ಟೆಯಲ್ಲಿಟ್ಟು ವೈದ್ಯರಿಗೆ ಕಾಣಿಕೆ ಕೊಟ್ಟ ಹಾಗೆ. ಉಮಾಬಾಯಿಯವರ ಮುಖ ಕಪ್ಪಿಟ್ಟಿತು. ಸೂಗಪ್ಪನ ನಳ ಕಡಿದ ದಿನವೂ ಅವರ ಮುಖ ಹಾಗಾಗಿರಲಿಲ್ಲ. ಸದ್ದು ಅಡಗುವತನಕ ಕಾದು ಸಣ್ಣ ದನಿಯಲ್ಲಿ ಹೇಳಿದರು:

"ಅಮರೇಶಪ್ಪನವರು ಕೆಟ್ಟವರು ಅಂತ ನಾ ಎಂದೂ ಅಂದಿಲ್ಲ. ಈ ಅಧಿಕಾರ ಕೆಟ್ಟದ್ದು ಅಂದೀನಿ. ನನ್ನ ಕೈಗೆ ಬಂದ್ರ ಅದು ಇನ್ನೂ ಕೆಡತೈತಿ, ಯಾಕಂದ್ರ ನನಗ ಸಿಟ್ಟು ಭಾಳ."

ಚೀಟಿ ಹಾಕಿಸಲೇಬೇಕೆಂದು ಅವರು ಹಟ ಹಿಡಿದರು. ಯಾರದೋ ಮನೆಯಿಂದ ಹಿತ್ತಾಳೆಯ ಕೊಳಗ ಬಂತು. ಕಣ್ಣು ತಪ್ಪಿಸಿ ಒಬ್ಬೊಬ್ಬರೇ ಚೀಟಿ ಹಾಕಿದರು. ಎಣಿಸಿದಾಗ ಕೊನೆಯ ನಿಯಮ ಬಿದ್ದುಹೋಗಿತ್ತು. ಮೂವರ ಪಂಚಾಯ್ತಿಯೂ ನೇಮಕವಾಯಿತು. ಬರುವ ಭಾನುವಾರ ಅವರು ಸೂಗಪ್ಪನ ತಕರಾರನ್ನೂ ದೊಡ್ಡ ಪೈಪಿನ ವಿಚಾರವನ್ನೂ ಕೇಳುವುದೆಂದೂ, ಅಲ್ಲಿಯವರೆಗೆ ಯಾರ ನೀರನ್ನೂ ತಡೆಯಕೂಡದೆಂದೂ ಗೊತ್ತಾಯಿತು. ಕಡಿದ ಎರಡು ನಳಗಳನ್ನು ಅಂದೇ ಜೋಡಿಸಿದರು. ಅಮರೇಶಪ್ಪನವರು ಎದ್ದು ಮನೆಗೆ ಹೋದರು.

ಇಲ್ಲಿಗೆ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಅಂಜಿಕೆ ಬಿಟ್ಟ ಜನಕ್ಕೆ ಅಂಜಿಸುವ ಆಸೆ ಹುಟ್ಟುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಷೆಡ್ಡಿನ ಹೊರಗೆ ಯಾರೋ, ಇಷ್ಟು ದಿನ ನಮ್ಮದು ಕಡಿಸಿದರು, ಈಗ ಅವರದು ಕಡಿಯಿರಿ, ಒಂದು ವಾರ ಅವರೂ ಕೊಡ ಹೊರಲಿ ಎಂದರು. ನಿನ್ನೆಯವರೆಗೆ ಸಾಹೇಬರ ಮುಂದೆ ನಡು ಬಗ್ಗಿಸುತ್ತಿದ್ದವರದೇ ದನಿ ಅದರಲ್ಲಿ ಜೋರಾಗಿತ್ತು. ಸೂಗಪ್ಪ ಮನೆಗೆ ಹೋಗಿ ಪೈಪು ಬಿಚ್ಚುವ ತನ್ನ ದೊಡ್ಡ ಪಾನಾ ತಂದ. ಗುಂಪು ಅವನ ಹಿಂದೆ ಟಾಕಿಯ ಕಡೆ ಹೊರಟಿತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಅಮರೇಶಪ್ಪನವರು ಜಗುಲಿಯ ಮೇಲೆ ನಿಂತು ನೋಡುತ್ತಿದ್ದರು, ಅವರ ಹಿಂದೆ ಬಾಗಿಲಲ್ಲಿ ಮನೆಯ ಹೆಂಗಸರು.

ಅಷ್ಟರಲ್ಲಿ ಹಿಮ್ಮಡಿ ಕುಟ್ಟುತ್ತ ಬಂದ ಉಮಾಬಾಯಿ ಗುಂಪನ್ನು ಸೀಳಿಕೊಂಡು ಮುಂದೆ ಹೋಗಿ, ಆ ಒಂದು ಇಂಚಿನ ಪೈಪಿನ ಮೇಲೆ ಕಾಲಿಟ್ಟು ನಿಂತರು.

"ಸರೀರಿ ಅಕ್ಕೋರ," ಎಂದ ಸೂಗಪ್ಪ.

"ನಿನ್ನ ಮಾತು ಕೇಳದ ನಿನ್ನ ನಳ ಕಡದ್ರು, ಅದಕ್ಕ ನಾ ಬಂದೆ. ಈಗ ನೀ ಅವರ ಮಾತು ಕೇಳದ ಕಡ್ಯಾಕ ಬಂದೀ."

"ನನ್ನ ಹೇಣ್ತಿ ಬಸರಿ ಇದ್ದಾಕಿ ಕೊಡ ಹೊತ್ತಾಳ. ನೀವು ಕಣ್ಣಾರೆ ಕಂಡೀರಿ." ಸೂಗಪ್ಪ ಪಾನಾ ಎತ್ತಿದ. "ಈಗ ಹೇಳ್ರಿ, ನೀವು ಯಾರ ಕಡೆ?"

"ಯಾರ ಮಾತು ಇನ್ನೂ ಕೇಳಿಲ್ಲೋ ಅವರ ಕಡೆ," ಎಂದರು ಉಮಾಬಾಯಿ.

ಪಾನಾ ಹಿಡಿದ ಕೈ ಬಹಳ ಹೊತ್ತು ಮೇಲೆಯೇ ಇತ್ತು. ಗುಂಪಿನಲ್ಲಿ ಯಾರೋ, ಈಕೆಯೂ ಸಾಹೇಬರ ಮಜ್ಜಿಗೆ ಕುಡಿದಿದ್ದಾಳೆ ಎಂದು ಹೀಗಳೆದರು. ಉಮಾಬಾಯಿ ತಿರುಗಿ ನೋಡಲಿಲ್ಲ. ಕೊನೆಗೆ ಸೂಗಪ್ಪ ಪಾನಾ ಕೆಳಗಿಳಿಸಿ ಹೊರಟುಹೋದ. ಜಗುಲಿಯ ಮೇಲಿದ್ದ ಅಮರೇಶಪ್ಪನವರು ಕೃತಜ್ಞತೆಯಿಂದ ತಲೆಬಾಗಿದರೆಂದು ಬರೆಯುವ ಆಸೆ ನನಗಿದೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಭಾನುವಾರ ಪಂಚಾಯ್ತಿಯ ಮೂವರು ಇಬ್ಬರ ಮಾತನ್ನೂ ಕೇಳಿದರು. ಸೂಗಪ್ಪನದು ತಪ್ಪಿಲ್ಲವೆಂದರು, ಬೋರ್ಡಿನ ಹೊಸ ನಿಯಮವನ್ನು ತೆಗೆಸಿಹಾಕಿದರು, ದೊಡ್ಡ ಪೈಪನ್ನು ಬದಲಿಸಿ ಅರ್ಧ ಇಂಚಿನದು ಹಾಕಿಸಿದರು. ಕೊನೆಯ ಸಾಲಿಗೂ ನೀರು ಬಂತು. ಅಮರೇಶಪ್ಪನವರು ಉಮಾಬಾಯಿಯೊಡನೆ ಮತ್ತೆಂದೂ ಮಾತಾಡಲಿಲ್ಲ. ಅದು ಅನಿರೀಕ್ಷಿತವೇನಲ್ಲ. ಪ್ರೇಮಾಳಿಗೆ ಹೆಣ್ಣು ಮಗುವಾಯಿತು. ತೊಟ್ಟಿಲಿಗೆ ಕಾಲೋನಿಯ ಮನೆಮನೆಗೂ ಕರೆ ಬಂತು, ಉಮಾಬಾಯಿಯವರ ಮನೆಯೊಂದನ್ನು ಬಿಟ್ಟು. ಎಲ್ಲರ ಮುಂದೆ ತನ್ನ ಗಂಡನ ಕೈ ತಡೆದವರನ್ನು ಪ್ರೇಮಾ ಕ್ಷಮಿಸಿರಲಿಲ್ಲ. ತೊಟ್ಟಿಲ ಹಾಡು ಓಣಿಯ ಆ ತುದಿಯಿಂದ ಕೇಳಿಸುತ್ತಿದ್ದಾಗ ನಾನು ಅವರ ಮನೆಗೆ ಹೋದೆ. ಉಮಾಬಾಯಿ ಅಕ್ಕಿ ಆರಿಸುತ್ತ ಕುಳಿತಿದ್ದರು, ಕಲ್ಲು ಸಿಕ್ಕರೆ ಕಿಟಕಿಯಾಚೆ ಬೀಸಿ ಒಗೆಯುತ್ತಿದ್ದರು. ಬೇಸರವೇನು ಎಂದು ಹನುಮಂತಪ್ಪ ಮೆಲ್ಲಗೆ ಕೇಳಿದರು.

"ಕರಿಯೋದು ಬಿಡೋದು ಅವರ ಹಕ್ಕು," ಎಂದರು. ಆಮೇಲೆ, "ಸಿಟ್ಟಿಗೇಳೋದು ನನ್ನ ಹಕ್ಕು," ಎಂದು ಮೊರವನ್ನು ನೆಲಕ್ಕೆ ಕುಕ್ಕಿದರು. ಅಕ್ಕಿ ಚೆಲ್ಲಿತು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಂವಿಧಾನವೆಂದರೆ ದಿಲ್ಲಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿರುವ ದಪ್ಪ ಪುಸ್ತಕವೆಂದು ನಾವೆಲ್ಲ ನೆಮ್ಮದಿಯಾಗಿದ್ದೇವೆ. ಅದರ ಮೂರು ಅಂಗಗಳು ಬೇರೆ ಬೇರೆಯಾಗಿ ಉಳಿದಿರುವುದು, ಅದರ ಹಕ್ಕುಗಳು ಕೊನೆಯ ಸಾಲಿನ ಮನೆಯವರೆಗೆ ಹರಿದು ಬರುವುದು ತನ್ನಷ್ಟಕ್ಕೆ ಅಲ್ಲ. ಪ್ರತಿ ಓಣಿಯಲ್ಲೂ ಇಂಥ ಒಬ್ಬಿಬ್ಬರು ಜಗಳಗಂಟರು ಮೈಯೊಡ್ಡಿ ನಿಂತಿರುವುದರಿಂದ. ಇವರನ್ನು ಆಳುವವರು ದ್ವೇಷಿಸುತ್ತಾರೆ, ಅದು ಸಹಜ. ಇವರಿಂದ ಗೆದ್ದವರೂ ದ್ವೇಷಿಸುತ್ತಾರೆ, ಅದು ನಾಚಿಕೆಗೇಡು. ನಮ್ಮ ಪರವಾಗಿ ಒಮ್ಮೆ ನಿಂತವರು ಎಂದೆಂದಿಗೂ ನಮ್ಮವರೇ ಆಗಿರಬೇಕೆಂದು ನಾವು ಬಯಸುತ್ತೇವೆ, ಮತ್ತು ನಾವು ಪಾನಾ ಎತ್ತಿದ ದಿನ ಅವರು ನಮ್ಮ ಎದುರಿಗೆ ನಿಂತಿರುತ್ತಾರೆ.